ಕಿಸ್ಬಾಯಿದಾಸನಿಗೊಂದು ಕೂಲ್‌ಡೌನ್

ಕಳೆದ ತಿಂಗಳು ಒಂದು ಭಾನುವಾರ ನನ್ನ ಅಕ್ಕನ ಮಗ ಬಿಟಿಎಂ ಲೇಔಟಿನ ಪೀಜಿಯಿಂದ ಒಂದು ವಾರದ ಬಟ್ಟೆ ಹೊತ್ತುಕೊಂಡು ಜಯನಗರದ ನಮ್ಮ ಮನೆಗೆ ಬಂದ. ಬಟ್ಟೆ ಮಷೀನಿನೊಳಗೆ ತಿರುಗುತ್ತಿತ್ತು. ಇವನು ಹಾಲಿನಲ್ಲಿ ಲ್ಯಾಪ್‌ಟಾಪಿನ ಮುಂದೆ ಕೂತು ಹಲ್ಲು ಕಡಿಯುತ್ತಿದ್ದ.

“ಏನಾಯ್ತೋ?” ಅಂದೆ.

“ಈ ಕಾವಲುಗಾರ, ಮಾವ. ಬೆಳಗ್ಗೆಯಿಂದ ಇಪ್ಪತ್ತು ಸಲ ಒಂದೇ ಡೈಲಾಗ್ ಹೊಡೀತಿದಾನೆ. ಕೋಟೆ ಒಳಗೆ ಹೋಗುವಾಗ ಒಂದ್ಸಲ, ಬರುವಾಗ ಒಂದ್ಸಲ. ನಾನು ರಾಕ್ಷಸನ ತಲೆ ಕಡಿದು ತಂದಿದೀನಿ, ರಕ್ತ ಇನ್ನೂ ತೊಟ್ಟಿಕ್ತಾ ಇದೆ. ಇವನು ನನ್ನ ಮುಖ ನೋಡಿ ‘ಮೋಡ ಆಗಿದೆ, ಮಳೆ ಬರಬಹುದು’ ಅಂತಾನೆ.”

ಬಗ್ಗಿ ನೋಡಿದೆ. ತಲೆಗೆ ಕೊಳಗದಂಥ ಶಿರಸ್ತ್ರಾಣ, ಕೈಯಲ್ಲಿ ಈಟಿ, ಮುಖದಲ್ಲಿ ಪಿಂಚಣಿ ಬಂದ ದಿನದ ಶಾಂತಿ. ಹುಡುಗ ನಾಲ್ಕು ಹೆಜ್ಜೆ ಹಿಂದೆ ಹೋಗಿ ಮತ್ತೆ ಮುಂದೆ ಬಂದ. ಮೋಡ ಆಗಿದೆ, ಮಳೆ ಬರಬಹುದು.

“ಆಟ ಮಾಡಿದೋರಿಗೆ ಬುದ್ಧಿ ಬೇಡ್ವಾ ಮಾವ? ನಿಜವಾದ ಮನುಷ್ಯರು ಎಲ್ಲಾದ್ರೂ ಹೀಗೆ ಮಾತಾಡ್ತಾರಾ?”

ನಾನು ಬಾಯಿ ತೆರೆಯುವಷ್ಟರಲ್ಲಿ ಕಾಂಪೌಂಡಿನ ಆಚೆಯಿಂದ ಉತ್ತರ ಬಂತು. ಪಕ್ಕದ ಮನೆ ರಾಯರು ಕೊರಿಯರ್ ಹುಡುಗನನ್ನು ಗೇಟಿನಲ್ಲಿ ಹಿಡಿದು ನಿಲ್ಲಿಸಿಕೊಂಡಿದ್ದರು. “ನಾನೂ ಜೆ.ಪಿ. ನಗರದಲ್ಲಿ ಸೈಟ್ ತಗೋಬೇಕಾಗಿತ್ತಪ್ಪ. ಫಾರ್ಟಿ ಸಿಕ್ಸ್ಟಿ, ಕಾರ್ನರು. ಕೈಗೇ ಬಂದಿತ್ತು. ನಮ್ಮ ಮಾವನೋರು ಬೇಡ ಅಂದ್ಬಿಟ್ರು, ಅಲ್ಲಿ ನರಿ ಊಳಿಡುತ್ತೆ ಅಂತ.”

ಅಳಿಯ ಸದ್ದಿಲ್ಲದೆ ಲ್ಯಾಪ್‌ಟಾಪ್ ಮುಚ್ಚಿದ.

ವಿಡಿಯೋ ಗೇಮಿನಲ್ಲಿ ಆಡುವವನು ನಾಯಕ. ಅವನ ಸುತ್ತ ಊರು ತುಂಬಿಸಲು ನಿಲ್ಲಿಸಿದ ಕಾವಲುಗಾರ, ಕಮ್ಮಾರ, ತರಕಾರಿಯವಳು, ದಾರಿಹೋಕ, ಇವರಿಗೆಲ್ಲ ಎನ್‌ಪಿಸಿ ಎಂದು ಹೆಸರು. ಇವರ ಬಾಯಲ್ಲಿ ನಾಲ್ಕೈದು ಮಾತು ತುಂಬಿಸಿ ಬಿಟ್ಟಿರುತ್ತಾರೆ. ನಾಯಕ ಹತ್ತು ಹೆಜ್ಜೆಯೊಳಗೆ ಬಂದರೆ ಒಂದು ಮಾತು ತಾನಾಗಿಯೇ ಉದುರುತ್ತದೆ. ಆಟ ಬರೆಯುವವರ ಕಸುಬಿನಲ್ಲಿ ಇಂಥ ಮಾತಿಗೆ ‘ಬಾರ್ಕ್’ ಅನ್ನುತ್ತಾರೆ, ಎಂದರೆ ಬೊಗಳು. ನಾವು ಸಂಸ್ಕಾರವಂತರು, ‘ಮಾತಾಡಿಸೋದು’ ಅನ್ನುತ್ತೇವೆ.

ಈ ಬಾರ್ಕುಗಳಲ್ಲಿ ಜಗತ್ಪ್ರಸಿದ್ಧವಾದದ್ದು ಸ್ಕೈರಿಮ್ ಎಂಬ ಆಟದ್ದು. ಅದು ಬಿಡುಗಡೆಯಾದ ದಿನಾಂಕವೇ ಹಾಡಿದ್ದೇ ಹಾಡು: 11-11-11. ಎಪ್ಪತ್ತರಷ್ಟು ಕಲಾವಿದರು ಕೂತು 60,000ಕ್ಕೂ ಹೆಚ್ಚು ಸಾಲು ಓದಿ ದನಿ ಕೊಟ್ಟರು. ಆಡಿದವರ ಕಿವಿಯಲ್ಲಿ ಕೊನೆಗೆ ಉಳಿದದ್ದು ಒಂದೇ ಸಾಲು, ಅದೂ ಊರ ಕಾವಲುಗಾರನದು: ನಾನೂ ಒಂದು ಕಾಲಕ್ಕೆ ನಿನ್ನಂತೆ ಸಾಹಸಿಯೇ ಆಗಿದ್ದೆ, ಆಮೇಲೆ ಮೊಣಕಾಲಿಗೆ ಒಂದು ಬಾಣ ಬಿತ್ತು. ಒಬ್ಬ ಕಾವಲುಗಾರನಿಗೆ ಹೀಗಾದರೆ ಅಯ್ಯೋ ಪಾಪ ಅನ್ನಬಹುದು. ಊರೂರಿನ ಕಾವಲುಗಾರರೂ ಇದೇ ಕಥೆ ಹೇಳಿದರೆ, ಬಾಣ ಬಿಟ್ಟವನ ಗುರಿಗಾದರೂ ಒಂದು ಬಹುಮಾನ ಕೊಡಬೇಕು. ಜಗತ್ತೆಲ್ಲ ಅದನ್ನು ಗೇಲಿ ಮಾಡಿತು, ಟೀ ಶರ್ಟಿನ ಮೇಲೆ ಹಾಕಿಕೊಂಡಿತು, ಆಮೇಲೆ ಆ ಗೇಲಿಯೇ ಹಾಡಿದ್ದೇ ಹಾಡಾಗಿ ಜನ ಅದರ ಮೇಲೂ ದೂರು ಕೊಟ್ಟರು.

ನಮ್ಮ ರಾಯರು ಸ್ಕೈರಿಮ್ ಆಡಿದವರಲ್ಲ. ಆದರೆ ಬಾಣ ಅವರಿಗೂ ಬಿದ್ದಿದೆ, ಸೈಟಿನ ರೂಪದಲ್ಲಿ. ದಕ್ಷಿಣ ಬೆಂಗಳೂರಿನಲ್ಲಿ ಬಾಣ ಬೀಳದ ಮನೆಯಿಲ್ಲ. ಜಯನಗರದವರಿಗೆ ಜೆ.ಪಿ. ನಗರ ಕೈತಪ್ಪಿತು, ಜೆ.ಪಿ. ನಗರದವರಿಗೆ ಬನ್ನೇರುಘಟ್ಟ ರಸ್ತೆ ಕೈತಪ್ಪಿತು, ಅಲ್ಲಿಯವರಿಗೆ ಎಲೆಕ್ಟ್ರಾನಿಕ್ ಸಿಟಿ. ಪ್ರತಿಯೊಬ್ಬರ ಕಥೆಯಲ್ಲೂ ಒಬ್ಬ ಮಾವ, ಒಂದು ನರಿ, ಮತ್ತು ಈವತ್ತಿಗೆ ಆ ಸೈಟಿನ ಬೆಲೆ ಎಷ್ಟು ಕೋಟಿ ಎಂಬ ಲೆಕ್ಕ ಇರುತ್ತದೆ. ಮಾವ ಮತ್ತು ನರಿ ಬದಲಾಗುವುದಿಲ್ಲ. ಕೋಟಿ ಮಾತ್ರ ವರ್ಷಕ್ಕೊಮ್ಮೆ ಅಪ್‌ಡೇಟ್ ಆಗುತ್ತದೆ.

ನಮ್ಮ ಬಡಾವಣೆಗಳಿಗೆ ಹೆಸರಿಟ್ಟವರು ಗೇಮ್ ಮಾಡುವವರೇ ಇರಬೇಕು ಎಂಬ ಗುಮಾನಿ ನನಗೆ ಬಹಳ ದಿನದಿಂದ ಇದೆ. 1948ರಲ್ಲಿ ಜಯನಗರಕ್ಕೆ ಅಡಿಗಲ್ಲು ಹಾಕಿದವರು ಊರನ್ನು ಬ್ಲಾಕ್ ಬ್ಲಾಕಾಗಿ ಕತ್ತರಿಸಿಟ್ಟರು. ಜೆ.ಪಿ. ನಗರದಲ್ಲಿ ಫೇಸುಗಳು. ಬನಶಂಕರಿಯಲ್ಲಿ ನೇರವಾಗಿ ಸ್ಟೇಜುಗಳೇ: ಫಸ್ಟ್ ಸ್ಟೇಜ್, ಸೆಕೆಂಡ್ ಸ್ಟೇಜ್, ಹೀಗೆ ಆರರ ತನಕ. ಆರನೇ ಸ್ಟೇಜಿನಲ್ಲಿ ಮನೆ ಕಟ್ಟಿದ ನನ್ನ ಸ್ನೇಹಿತನೊಬ್ಬನನ್ನು ನೋಡಿ ಎರಡು ವರ್ಷವಾಯಿತು. ಅವನು ಆಟ ಮುಗಿಸಿದನೋ, ಆಟ ಅವನನ್ನು ಮುಗಿಸಿತೋ ತಿಳಿಯದು. ಬಿಟಿಎಂ ಎಂದರೆ ಬೈರಸಂದ್ರ, ತಾವರೆಕೆರೆ, ಮಡಿವಾಳ. ಮೂರು ಹಳ್ಳಿಗಳನ್ನು ಸೇರಿಸಿ ಒಂದು ಪಾಸ್‌ವರ್ಡ್ ಮಾಡಿದ್ದಾರೆ. ಇಷ್ಟೆಲ್ಲ ಸ್ಟೇಜು, ಫೇಸು, ಬ್ಲಾಕು ಇಟ್ಟುಕೊಂಡ ಮೇಲೆ ಅಲ್ಲಲ್ಲಿ ನಿಂತು ಅದದೇ ಮಾತಾಡುವ ಪಾತ್ರಗಳು ಇರದಿದ್ದರೆ ಹೇಗೆ?

ರಾಯರ ಸಂಗ್ರಹದಲ್ಲಿ ಒಟ್ಟು ಐದು ಮಾತುಗಳಿವೆ, ಎಣಿಸಿದ್ದೇನೆ. ಒಂದು, ಸೈಟು. ಎರಡು, “ಆಗ ಜಯನಗರದಲ್ಲಿ ಫ್ಯಾನೇ ಬೇಕಾಗಿರಲಿಲ್ಲ.” ಮೂರು, “ಮಗ ಅಲ್ಲೇ ಸೆಟ್ಲ್ ಆಗ್ಬಿಟ್ಟ.” ನಾಲ್ಕು, “ನಿಮ್ಮ ಮಾವಿನ ಎಲೆ ನಮ್ಮ ಕಡೆ ಬೀಳ್ತಿದೆ ನೋಡಿ.” ಐದು, “ತಿಂಡಿ ಆಯ್ತಾ?” ಈ ಐದನೆಯದಕ್ಕೆ ಮಾತ್ರ ಗಡಿಯಾರದ ಜ್ಞಾನ ಉಂಟು. ಹನ್ನೊಂದರ ತನಕ ತಿಂಡಿ, ಆಮೇಲೆ ಊಟ, ನಾಲ್ಕರ ನಂತರ ಕಾಫಿ. ಅಳಿಯ ಇದನ್ನು ಕೇಳಿ ಮೆಚ್ಚಿ ತಲೆದೂಗಿದ. ಆಟದವರು ಇದನ್ನು ಕಂಡಿಷನ್ ಅನ್ನುತ್ತಾರಂತೆ, ಹೊತ್ತು ನೋಡಿ ಮಾತು ಬದಲಾಯಿಸುವುದು. ಅವನ ಕಾವಲುಗಾರನಿಗೆ ಅಷ್ಟೂ ಬರುವುದಿಲ್ಲ.

ಅಸಲಿಗೆ ದೂರು ಏನು? ಅಳಿಯನ ಪ್ರಕಾರ, ಮಾತು ಕಡಿಮೆ ಬರೆದಿದ್ದಾರೆ, ಹೆಚ್ಚು ಬರೆಯಬೇಕಿತ್ತು. ಇದು ಎಲ್ಲ ಆಟಗಾರರ ಮೊದಲ ದೂರು, ಮತ್ತು ತಪ್ಪು ದೂರು. ಐದು ಮಾತನ್ನು ಚೀಟಿಯಲ್ಲಿ ಬರೆದು ಡಬ್ಬಿಗೆ ಹಾಕಿ, ಒಂದು ಎತ್ತಿ ಓದಿ, ಮತ್ತೆ ಡಬ್ಬಿಗೇ ಹಾಕಿ ಕುಲುಕಿದರೆ, ಐದರಲ್ಲಿ ಒಂದು ಸಲ ಓದಿದ ಚೀಟಿಯೇ ಮತ್ತೆ ಕೈಗೆ ಬರುತ್ತದೆ. ಅದೇ ಹೌಸಿ ಆಟದ ಹಾಗೆ ಓದಿದ ಬಿಲ್ಲೆಯನ್ನು ಪಕ್ಕಕ್ಕಿಟ್ಟು ಉಳಿದವು ಮುಗಿದ ಮೇಲಷ್ಟೇ ವಾಪಸ್ ಹಾಕಿದರೆ ಐದೇ ಮಾತಿನಲ್ಲಿ ಸಂಸಾರ ಸಾಗುತ್ತದೆ. ಅದರ ಮೇಲೆ ಕೂಲ್‌ಡೌನ್ ಎಂಬ ಇನ್ನೊಂದು ಏರ್ಪಾಟು. ಒಂದು ಮಾತು ಆಡಿದ ಮೇಲೆ ಇಂತಿಷ್ಟು ಹೊತ್ತು ಆ ಬಾಯಿಗೆ ಬೀಗ. ಕೋಡಿನಲ್ಲಿ ಒಂದೆರಡು ಸಾಲಿನ ಕೆಲಸ. ಕನ್ನಡದಲ್ಲಿ ‘ಹಾಡಿದ್ದೇ ಹಾಡೋ ಕಿಸ್ಬಾಯಿದಾಸ’ ಎಂಬ ಗಾದೆ ಹುಟ್ಟಿ ಎಷ್ಟು ಕಾಲವಾಯಿತೋ, ಆ ದಾಸನಿಗೆ ಕೂಲ್‌ಡೌನ್ ಮಾತ್ರ ಇನ್ನೂ ಯಾರೂ ಬರೆದಿಲ್ಲ.

ಹಾಡಿದ್ದೇ ಹಾಡುವ ಪಾತ್ರ ನಮಗೆ ಹೊಸದೂ ಅಲ್ಲ. ಪೌರಾಣಿಕ ಸಿನಿಮಾದ ರಾಜ ಸಿಂಹಾಸನದ ಮೇಲೆ ಕೂತೊಡನೆ ರಾಜ್ಯದಲ್ಲಿ ಮಳೆ ಬೆಳೆ ಹೇಗಿದೆ ಎಂದು ಕೇಳುತ್ತಾನೆ. ಮಂತ್ರಿ ಕೈಮುಗಿದು, ತಮ್ಮ ಆಳ್ವಿಕೆಯಲ್ಲಿ ಎಲ್ಲ ಸುಭಿಕ್ಷ ಅನ್ನುತ್ತಾನೆ. ಹಿಂದಿನ ದೃಶ್ಯದಲ್ಲಿ ಬಿರುಕುಬಿಟ್ಟ ಹೊಲ ತೋರಿಸಿದ್ದರೂ ಸರಿಯೇ. ಒಡನೆ ನರ್ತಕಿಯರು ಬರುತ್ತಾರೆ. ಆ ಮಂತ್ರಿಯ ಮೇಲೆ ನಮ್ಮ ತಾತಂದಿರು ದೂರು ಕೊಡಲಿಲ್ಲ. ಏಕೆಂದರೆ ಅವನು ಟಿಕೆಟ್ಟಿಗೆ ಒಂದೇ ಸಲ ಹೇಳುತ್ತಿದ್ದ.

ಆಟಗಾರರ ದೂರುಗಳ ಪಟ್ಟಿಯನ್ನು ಅಳಿಯ ಬಿಡಿಸಿಟ್ಟ. ಒಂದೊಂದನ್ನೂ ಕೇಳುತ್ತ ನನಗೆ ನಮ್ಮ ರಸ್ತೆಯೇ ಕಣ್ಣ ಮುಂದೆ ಬಂತು.

2006ರಲ್ಲಿ ಬಂದ ಆಬ್ಲಿವಿಯನ್ ಎಂಬ ಆಟದಲ್ಲಿ ಭಿಕ್ಷುಕರಿದ್ದಾರೆ. ಕಾಸು ಕೇಳುವಾಗ ನಡುಗುವ, ಒಣಗಿದ ಗಂಟಲು. ಮುಂದಿನ ಪ್ರಶ್ನೆಗೆ ಉತ್ತರ ಹೇಳುವಾಗ ತುಂಬಿದ ಮನೆಯ ಯಜಮಾನನ ಗಂಟಲು. ಎರಡು ಬೇರೆ ದನಿಗಳನ್ನು ಒಂದೇ ಬಾಯಿಗೆ ಜೋಡಿಸಿದ್ದರ ಫಲ. ಅದೇ ಆಟದಲ್ಲಿ ಒಬ್ಬಾಕೆ ಓದುತ್ತ ಓದುತ್ತ ತಪ್ಪಿ, ತಾಳಿ ಇನ್ನೊಂದು ಸಲ ಓದುತ್ತೇನೆ ಎಂದದ್ದೂ ಹಾಗೆಯೇ ಉಳಿದುಬಿಟ್ಟಿತು. 2025ರಲ್ಲಿ ಆಟಕ್ಕೆ ಸುಣ್ಣಬಣ್ಣ ಬಳಿದು ಹೊಸದಾಗಿ ಬಿಟ್ಟಾಗ ಅಭಿಮಾನದಿಂದ ಆ ತಪ್ಪನ್ನು ಉಳಿಸಿಕೊಂಡರು. ಗಂಟಲು ಬದಲಾಗುವುದನ್ನು ಆಟಗಾರರು ದೋಷ ಅನ್ನುತ್ತಾರೆ. ಬೆಂಗಳೂರಿನಲ್ಲಿ ಬಾಡಿಗೆಗೆ ಮನೆ ಹಿಡಿದವರಿಗೆ ಅದು ದೋಷ ಅನ್ನಿಸುವುದೇ ಇಲ್ಲ. ಅಡ್ವಾನ್ಸ್ ಕೊಡುವ ಮುಂಚೆ ಓನರ್ ಗಂಟಲು “ನಮ್ಮನೆ ಹುಡುಗನ ಥರ ಇರಪ್ಪ” ಅನ್ನುತ್ತದೆ. ಮನೆ ಖಾಲಿ ಮಾಡುವ ದಿನ ಅದೇ ಬಾಯಿಂದ ಇನ್ನೊಂದು ಗಂಟಲು: “ಪೇಂಟಿಂಗ್‌ಗೆ ಒಂದು ತಿಂಗಳ ಬಾಡಿಗೆ ಹಿಡ್ಕೊತೀವಿ.”

2015ರ ಫಾಲ್‌ಔಟ್ 4ರಲ್ಲಿ ಒಬ್ಬ ಮಹಾನುಭಾವನಿದ್ದಾನೆ. ಒಂದು ಕೆಲಸ ಮುಗಿಸಿ ಬೆವರು ಒರೆಸಿಕೊಳ್ಳುವಷ್ಟರಲ್ಲಿ, ಇನ್ನೊಂದು ಊರಿಗೆ ನಿನ್ನ ನೆರವು ಬೇಕಾಗಿದೆ, ನಕ್ಷೆಯಲ್ಲಿ ಗುರುತು ಹಾಕಿದ್ದೇನೆ ಅನ್ನುತ್ತಾನೆ. ಆಟಗಾರರು ಅವನ ಕಣ್ಣಿಗೆ ಬೀಳದ ಹಾಗೆ ಗೋಡೆ ಬದಿಯಲ್ಲಿ ನುಸುಳುತ್ತಾರಂತೆ. ನಾನು ಇದನ್ನು ಹದಿನೈದು ವರ್ಷದಿಂದ ಮಾಡುತ್ತಿದ್ದೇನೆ. ನಮ್ಮ ಬೀದಿಯ ಕ್ಷೇಮಾಭಿವೃದ್ಧಿ ಸಂಘದ ಕಾರ್ಯದರ್ಶಿಗಳು ಸಂಜೆ ವಾಕಿಂಗಿಗೆ ಎಡಗಡೆಯಿಂದ ಬಂದರೆ ನಾನು ಬಲಕ್ಕೆ ತಿರುಗಿ ನನಗೆ ಬೇಡವಾದ ಅಂಗಡಿಯಲ್ಲಿ ಬೇಡವಾದ ಕೊತ್ತಂಬರಿ ಕೊಳ್ಳುತ್ತೇನೆ.

ಇನ್ನು ಸುಳಿವು ಕೊಡುವವರ ವಿಚಾರ. 2022ರ ಗಾಡ್ ಆಫ್ ವಾರ್ ರಾಗ್ನರಾಕ್‌ನಲ್ಲಿ ನಾಯಕ ಒಂದು ಒಗಟಿನ ಮುಂದೆ ನಿಂತು ತಲೆ ಕೆರೆದುಕೊಳ್ಳುವ ಮುಂಚೆಯೇ ಜೊತೆಗಿದ್ದವರು ಉತ್ತರ ಹೇಳಿಬಿಡುತ್ತಾರೆ ಎಂದು ಆಟಗಾರರು ಗಲಾಟೆ ಮಾಡಿದರು. ಅದೇ ವರ್ಷದ ಹೊರೈಜನ್ ಫರ್ಬಿಡನ್ ವೆಸ್ಟ್‌ನ ನಾಯಕಿಯದು ತನಗೆ ತಾನೇ ಮಾತು. ಚೀಲ ತುಂಬಿದರೂ ಹೇಳುವಳು, ಮಿಕ್ಕದ್ದು ಮನೆ ಪೆಟ್ಟಿಗೆಗೆ ಹೋಯಿತು ಎಂದೂ ಹೇಳುವಳು. ಕೊನೆಗೆ ಕಂಪನಿಯವರು ಪ್ಯಾಚ್ ಹಾಕಿ ಆಕೆಯ ಪೆಟ್ಟಿಗೆಯ ಮಾತನ್ನು ಕಡಿಮೆ ಮಾಡಿದರು.

ಈ ಆಟಗಾರರು ಯಾರೂ ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಶನಿವಾರ ಸಂಜೆ ಕಾರು ರಿವರ್ಸ್ ಹಾಕಿದವರಲ್ಲ.

ನಾನು ಹಾಕಿದ್ದೇನೆ. ಕಾಂಪ್ಲೆಕ್ಸ್ ಪಕ್ಕದ ರಸ್ತೆ, ಎರಡು ಕಾರುಗಳ ನಡುವೆ ಒಂದೂಕಾಲು ಕಾರಿನ ಜಾಗ. ಗೇರು ಇನ್ನೂ ರಿವರ್ಸಿಗೆ ಬಿದ್ದಿಲ್ಲ, ಹಿಂದಿನ ದೀಪ ಹೊತ್ತಿಲ್ಲ, ಅಷ್ಟರಲ್ಲಿ ಬಾಳೆಹಣ್ಣಿನ ಗಾಡಿಯವರು ಕೈ ಎತ್ತಿದರು. “ಬರ್ಲಿ ಬರ್ಲಿ ಬರ್ಲಿ.” ಹೂವಿನ ಅಮ್ಮ ಬುಟ್ಟಿ ಪಕ್ಕಕ್ಕಿಟ್ಟು ಎದ್ದರು. “ಲೆಫ್ಟು ಕಟ್ ಮಾಡಿ ಸಾರ್, ಲೆಫ್ಟು, ಫುಲ್ಲು.” ಬಟ್ಟೆ ಅಂಗಡಿ ಸೆಕ್ಯುರಿಟಿ ಸೀಟಿ ಊದಿದರು. ಊದಿದ್ದು ಬಾ ಅಂತಲೋ ಬೇಡ ಅಂತಲೋ, ಅದು ಸೀಟಿಗೇ ಗೊತ್ತು. ಸ್ಕೂಟರಿನ ಮೇಲೆ ಹೋಗುತ್ತಿದ್ದ, ಈ ಊರಿಗೇ ಸಂಬಂಧವಿಲ್ಲದ ಒಬ್ಬ ಮನುಷ್ಯ ಗಾಡಿ ನಿಲ್ಲಿಸಿ, ಹೆಲ್ಮೆಟ್ ತೆಗೆದು, “ಸೀದಾ ಮಾಡ್ಕೊಳಿ, ಸೀದಾ ಮಾಡ್ಕೊಳಿ” ಅಂದ. ಒಳಗಿನಿಂದ ನನ್ನ ಹೆಂಡತಿ, “ಅಲ್ಲಿ ಮುಂದೆ ಖಾಲಿ ಇತ್ತಲ್ಲ.” ನಾಲ್ವರ ಮಾತಿನಂತೆ ನಾಲ್ಕು ಸಲ ಸ್ಟೇರಿಂಗ್ ತಿರುಗಿಸಿ ಕಾರು ರಸ್ತೆಗೆ ಅಡ್ಡ ನಿಂತಾಗ ನಾಲ್ವರೂ ಒಂದೇ ದನಿಯಲ್ಲಿ “ಸ್ಟಾಪ್ ಸ್ಟಾಪ್ ಸ್ಟಾಪ್” ಅಂದರು. ಆ ಇಡೀ ಪ್ರಕರಣದಲ್ಲಿ ಅವರು ಒಮ್ಮತಕ್ಕೆ ಬಂದದ್ದು ಅದೊಂದೇ.

2023ರ ಜನವರಿಯಲ್ಲಿ ಬಂದ ಫೋರ್‌ಸ್ಪೋಕನ್ ಎಂಬ ಆಟದಲ್ಲಿ ನಾಯಕಿಯ ತೋಳಿನಲ್ಲಿ ಮಾತಾಡುವ ಬಳೆಯೊಂದಿದೆ. ಅದರ ಹರಟೆ ಎಷ್ಟಿರಬೇಕು ಎಂದು ಸೆಟ್ಟಿಂಗ್ಸಿನಲ್ಲಿ ಕಡಿಮೆ ಮಾಡಿಕೊಳ್ಳಬಹುದು. ಇದನ್ನು ಅಳಿಯ ಹೇಳಿದ ದಿನ ನಾನು ನಾಲ್ಕನೇ ಬ್ಲಾಕಿನ ನಟ್ಟನಡುವೆ ನಿಂತು ಆಕಾಶದಲ್ಲಿ ಸೆಟ್ಟಿಂಗ್ಸ್ ಗುಂಡಿ ಎಲ್ಲಿದೆ ಎಂದು ಹುಡುಕಿದೆ.

ಹಳೆಯ ಆಟಗಾರರಿಗೆ ವಾರ್‌ಕ್ರಾಫ್ಟ್ ನೆನಪಿರಬಹುದು. ಅದರಲ್ಲಿ ಒಂದೇ ಸಿಪಾಯಿಯ ಮೇಲೆ ಪದೇ ಪದೇ ಕ್ಲಿಕ್ ಮಾಡಿದರೆ ಮೊದಮೊದಲು ಅಪ್ಪಣೆ ಅನ್ನುತ್ತಿದ್ದವನು ಆಮೇಲಾಮೇಲೆ ರೇಗುತ್ತಾನೆ. ತಮಾಷೆಗೆಂದು ಇಟ್ಟದ್ದು. ಒಂದು ಕಚೇರಿಯ ಕೌಂಟರಿನಲ್ಲಿ ಖಾತಾ ವರ್ಗಾವಣೆಗೆ ನಿಂತು ನಾನು ಈ ಪ್ರಯೋಗ ಮಾಡಿದ್ದೇನೆ. ಮೊದಲ ಕ್ಲಿಕ್ಕು: “ಸರ್ವರ್ ಡೌನು.” ಎರಡನೆಯದು: “ಸಾಹೇಬ್ರು ಮೀಟಿಂಗಲ್ಲಿದಾರೆ.” ಮೂರನೆಯದು: “ನಾಳೆ ಬನ್ನಿ.” ನಾಲ್ಕನೆಯದಕ್ಕೆ ಮತ್ತೆ ಸರ್ವರ್. ಹೌಸಿಯ ನಿಯಮವನ್ನು ಇಷ್ಟು ಶಿಸ್ತಾಗಿ ಪಾಲಿಸುವ ಪಾತ್ರವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಆಟೋದವರ ಮಾತಿಗೆ ಬರೋಣ. 2025ರ ಆಗಸ್ಟ್ 1ರಿಂದ ಬೆಂಗಳೂರಿನ ಆಟೋ ಮೀಟರು ಮೊದಲ ಎರಡು ಕಿಲೋಮೀಟರಿಗೆ 36 ರೂಪಾಯಿ ಆಯಿತು. ಅದಕ್ಕೆ ಮುಂಚೆ 30 ಇತ್ತು. ಮೀಟರಿಗೆ ಅಪ್‌ಡೇಟ್ ಬಂತು, ಡೈಲಾಗಿಗೆ ಬರಲಿಲ್ಲ. “ಮೀಟರ್ ಮೇಲೆ ಇಪ್ಪತ್ತು ಕೊಡಿ ಸಾರ್” ಆಗಲೂ ಇತ್ತು, ಈಗಲೂ ಇದೆ. ಆದರೆ ಒಂದು ಮಾತು ನ್ಯಾಯವಾಗಿ ಹೇಳಬೇಕು. ಬನಶಂಕರಿಯಲ್ಲಿ ಮಳೆ ಬರುತ್ತಿರುವಾಗ ಅವರಾದರೂ ಹತ್ತಿರ ಬಂದು ಒಂದು ಮಾತಾಡುತ್ತಾರೆ, ಆ ಮಾತು “ಆ ಕಡೆ ಬರಲ್ಲ” ಅಂತಲೇ ಇರಲಿ.

ಈ ಎಲ್ಲ ದೂರಿಗೂ ಈಗ ಕಂಪ್ಯೂಟರಿನವರು ಒಂದು ಮದ್ದು ಕಂಡುಹಿಡಿದಿದ್ದಾರೆ. ಪಾತ್ರಗಳ ಬಾಯಿಗೆ ಎಐ ಕಟ್ಟಿಬಿಡುವುದು. ಆಗ ಆಡಿದ ಮಾತು ಮತ್ತೆ ಬರುವುದೇ ಇಲ್ಲ. 2023ರ ಮೇ ತಿಂಗಳಲ್ಲಿ ಎನ್ವಿಡಿಯಾ ಇದರ ಮಾದರಿ ತೋರಿಸಿತು. ಒಂದು ನೂಡಲ್ಸ್ ಅಂಗಡಿ, ಗಿರಾಕಿ ಹೇಗಿದ್ದೀರಿ ಎಂದು ಕೇಳುತ್ತಾನೆ, ಅಂಗಡಿಯವನು ಊರಲ್ಲಿ ಅಪರಾಧ ಹೆಚ್ಚಾಗಿದೆ ಎಂದು ತನ್ನ ದುಗುಡ ತೋಡಿಕೊಳ್ಳುತ್ತಾನೆ. ಸಭೆ ಚಪ್ಪಾಳೆ ತಟ್ಟಿತು.

ಅದನ್ನು ನೋಡಿದ ಮರುದಿನ ನಾನು ದರ್ಶಿನಿಗೆ ಹೋದೆ. ದರ್ಶಿನಿ ಹುಟ್ಟಿದ್ದೇ ಜಯನಗರದಲ್ಲಿ. 1983ರಲ್ಲಿ ಆರ್. ಪ್ರಭಾಕರ್ ಅವರು ಇಲ್ಲಿ ಕೆಫೆ ದರ್ಶಿನಿ ತೆರೆದರು. ಕುರ್ಚಿ ಇಲ್ಲ, ಮಾಣಿ ಇಲ್ಲ, ಟೋಕನ್ ತಗೋ, ನಿಂತು ತಿನ್ನು, ನಡಿ. ಕಡಿಮೆ ಮಾತಿನಲ್ಲಿ ಊರಿಗೆಲ್ಲ ಊಟ ಹಾಕುವ ಯಂತ್ರ ಅದು. ಕ್ಯಾಶಿಯರ್ ಬಾಯಲ್ಲಿ ಮೂರೇ ಮಾತು: “ಹೇಳಿ ಸಾರ್”, “ಚೇಂಜ್ ಇದ್ಯಾ”, “ನೆಕ್ಸ್ಟ್”. ಬೆಳಗ್ಗೆ ಎಂಟೂವರೆಗೆ ನನ್ನ ಹಿಂದೆ ಹದಿನಾಲ್ಕು ಜನ ನಿಂತಿದ್ದರು. ನಾನು ಮಾದರಿಯಲ್ಲಿ ಕಂಡಂತೆಯೇ, “ಹೇಗಿದೀರಾ?” ಅಂದೆ. ಕ್ಯಾಶಿಯರ್ ಮೊದಲ ಸಲ ತಲೆ ಎತ್ತಿ ನನ್ನನ್ನು ನೋಡಿದರು. ಅವರ ಕಣ್ಣಲ್ಲಿ ಭಯವಿತ್ತು. ಹಿಂದಿನವರು, “ರೀ, ಇಡ್ಲಿ ಹೇಳ್ರೀ” ಅಂದರು. ಆ ಮನುಷ್ಯ ಅಲ್ಲಿಯೇ ತಮ್ಮ ಮಗಳ ಫೀಸು, ಊರಿನ ಜಮೀನು, ಬೆನ್ನು ನೋವು ಎಲ್ಲ ತೋಡಿಕೊಳ್ಳಲು ಶುರುಮಾಡಿದ್ದರೆ ನಾಲ್ಕನೇ ಬ್ಲಾಕಿನಲ್ಲಿ ದಂಗೆಯಾಗುತ್ತಿತ್ತು. ಮೂರು ಮಾತಿನ ಆ ಕ್ಯಾಶಿಯರಿಂದಲೇ ದಕ್ಷಿಣ ಬೆಂಗಳೂರು ಹೊತ್ತಿಗೆ ಸರಿಯಾಗಿ ಆಫೀಸು ತಲುಪುತ್ತಿದೆ.

ಎಂದೂ ಮುಗಿಯದ ಹೊಸ ಮಾತು ಎಷ್ಟು ಅಪಾಯವೆಂದು ಜಗತ್ತಿಗೂ ಗೊತ್ತಾಯಿತು. 2025ರ ಮೇ ತಿಂಗಳಲ್ಲಿ ಫೋರ್ಟ್‌ನೈಟ್ ಆಟದವರು ಡಾರ್ತ್ ವೇಡರ್ ಪಾತ್ರಕ್ಕೆ ಎಐ ಕಟ್ಟಿ ಬಿಟ್ಟರು. ದನಿ ಜೇಮ್ಸ್ ಅರ್ಲ್ ಜೋನ್ಸ್ ಅವರದು. ಅವರು 2024ರ ಸೆಪ್ಟೆಂಬರಿನಲ್ಲೇ ತೀರಿಕೊಂಡಿದ್ದರು. ಕುಟುಂಬದ ಒಪ್ಪಿಗೆ ಪಡೆದು ಅವರ ದನಿಯನ್ನು ಯಂತ್ರದಲ್ಲಿ ಹೊಸದಾಗಿ ಕಡೆದಿದ್ದರು. ಆಟಗಾರರು ಮಾಡಿದ ಮೊದಲ ಕೆಲಸವೆಂದರೆ ಆ ದನಿಯಿಂದ ಹೊಲಸು ಬೈಗುಳ ಹೇಳಿಸಿದ್ದು. ಕಂಪನಿ ಅವಸರವಸರವಾಗಿ ತೇಪೆ ಹಾಕಿತು. ಹಾಡಿದ್ದೇ ಹಾಡಿದರೆ ದೂರು ಹೇಳಿದ್ದ ಜನವೇ, ಹೊಸ ಹಾಡು ಹಾಡಲು ಬಿಟ್ಟಾಗ ಅದರ ಬಾಯಲ್ಲಿ ಹಾಡಿಸಿದ್ದು ಇದನ್ನು.

ಜೋನ್ಸ್ ತೀರಿಕೊಳ್ಳುವುದಕ್ಕೆ ಎರಡು ತಿಂಗಳು ಮುಂಚೆ, 2024ರ ಜುಲೈ 11ರಂದು, ನಮ್ಮ ಬನಶಂಕರಿಯಲ್ಲಿ ಇನ್ನೊಂದು ದನಿ ನಿಂತಿತು. ಪುಟ್ಟಣ್ಣ ಕಣಗಾಲರ ಮಸಣದ ಹೂವು ಚಿತ್ರದಿಂದ ಬಂದವರು, ಮಜಾ ಟಾಕೀಸಿನ ವರಲಕ್ಷ್ಮಿಯಾಗಿ ಮನೆಮನೆಯನ್ನು ನಗಿಸಿದವರು, ನಿರೂಪಕಿ ಅಪರ್ಣಾ. ಅವರ ದನಿ ಗೊತ್ತಿರುವ ಬಹಳ ಜನಕ್ಕೆ ಮುಖ ಗೊತ್ತಿರಲಿಲ್ಲ. ನಮ್ಮ ಮೆಟ್ರೋದ ಕನ್ನಡ ದನಿ ಅವರದು. ಮುಂದಿನ ನಿಲ್ದಾಣ ಯಾವುದು, ಬಾಗಿಲು ಯಾವ ಕಡೆ ತೆರೆಯುತ್ತದೆ, ಇಷ್ಟೇ. 2017ರ ಜೂನಿನಲ್ಲಿ ಹಸಿರು ಮಾರ್ಗ ಯಲಚೇನಹಳ್ಳಿಗೆ ಬಂದಂದಿನಿಂದ ಆಫೀಸಿಗೆ ಹೋಗಿ ಬರುವವನೊಬ್ಬ ದಿನಕ್ಕೆ ಎರಡು ಸಲದಂತೆ ಜೆ.ಪಿ. ನಗರ, ಬನಶಂಕರಿ, ಆರ್.ವಿ. ರಸ್ತೆ, ಜಯನಗರ ಎಂದು ಎಷ್ಟು ಸಾವಿರ ಸಲ ಕೇಳಿರಬೇಕು, ಲೆಕ್ಕ ಹಾಕಿ. ಅಕ್ಷರ ಬದಲಿಲ್ಲ, ಉಸಿರು ಬದಲಿಲ್ಲ. ಸ್ಕೈರಿಮ್ ಕಾವಲುಗಾರನಿಗಿಂತ ನೂರು ಪಟ್ಟು ಹಾಡಿದ್ದೇ ಹಾಡು. ಈ ದನಿ ಸಾಕು, ಬದಲಾಯಿಸಿ ಎಂದವರನ್ನು ನಾನು ಕಂಡಿಲ್ಲ. ಅವರು ಹೋದ ಮೇಲೂ ರೈಲಿನಲ್ಲಿ ಆ ದನಿ ಜಯನಗರ ಎಂದಾಗ, ಎಂದೂ ತಲೆ ಎತ್ತದ ಮೊಬೈಲು ಮುಖಗಳು ಒಂದು ಗಳಿಗೆ ಸ್ಪೀಕರಿನ ಕಡೆ ನೋಡಿದ್ದನ್ನು ಕಂಡಿದ್ದೇನೆ.

ಅಳಿಯನಿಗೆ ನಾನು ಹೇಳಿದ್ದು ಇದನ್ನೇ. “ನಿನ್ನ ಕಾವಲುಗಾರನ ತಪ್ಪು ಒಂದೇ ಮಾತನ್ನ ಇಪ್ಪತ್ತು ಸಲ ಹೇಳಿದ್ದಲ್ಲ ಕಣೋ. ನಿನಗೆ ಬೇಡದ ಮಾತನ್ನ, ಬೇಡದ ಹೊತ್ತಲ್ಲಿ ಹೇಳಿದ್ದು. ಆಕೆ ನಿನಗೆ ಬೇಕಾದ ಒಂದು ಮಾತನ್ನ, ಬೇಕಾದ ಕಡೆ ಹೇಳಿ, ಸುಮ್ಮನಾಗ್ತಿದ್ರು. ಆ ಸುಮ್ಮನಾಗೋದೇ ಕಷ್ಟದ್ದು.”

“ಹಾಗಾದ್ರೆ ಅವನಿಗೆ ಏನು ಬರೀಬೇಕಿತ್ತು ಮಾವ?”

“ಏನೂ ಬೇಡ. ರಾಕ್ಷಸನ ತಲೆ ನೋಡಿದಾಗ ಈಟಿ ಸ್ವಲ್ಪ ಓರೆ ಮಾಡಿ ದಾರಿ ಬಿಟ್ಟಿದ್ರೆ ಸಾಕಿತ್ತು.”

ಹುಡುಗ ಇದನ್ನು ಮೆಚ್ಚುತ್ತಾನೆ ಎಂದುಕೊಂಡಿದ್ದೆ. ಅವನು ಒಣಗಿದ ಬಟ್ಟೆ ಮಡಿಸುತ್ತ, “ಮಾವ, ಮೆಟ್ರೋ ವಿಷಯ ನಾನು ಹೋದ ಸಲ ಬಂದಾಗಲೂ ಹೇಳಿದ್ರಿ” ಅಂದ.

ಹೇಳಿದ್ದರೂ ಹೇಳಿರಬಹುದು. ಅಂಕಣಕಾರನ ಡಬ್ಬಿಯಲ್ಲೂ ಐದೇ ಚೀಟಿ. ಹಳೆಯ ಬೆಂಗಳೂರು, ಕಡಿದ ಮರ, ಕನ್ನಡದ ಸ್ಥಿತಿ, ಮೊಬೈಲಿನ ಮಕ್ಕಳು, ಮತ್ತು ಬರೆಯಲು ಏನೂ ಹೊಳೆಯದ ವಾರ ಬೆಕ್ಕು. ಹದಿನೈದು ವರ್ಷದಿಂದ ಕುಲುಕುತ್ತಿದ್ದೇನೆ. ಓದುಗರು ಗೋಡೆ ಬದಿಯಲ್ಲಿ ನುಸುಳುವುದನ್ನು ನಾನೂ ನೋಡಿದ್ದೇನೆ.

ಕಳೆದ ವಾರ ರಾಯರು ಆರು ತಿಂಗಳಿಗೆಂದು ಅಮೆರಿಕಕ್ಕೆ, ‘ಅಲ್ಲೇ ಸೆಟ್ಲ್ ಆಗ್ಬಿಟ್ಟ’ ಮಗನ ಮನೆಗೆ ಹೋದರು. ಗೇಟಿಗೆ ಬೀಗ. ಮೊದಲ ಎರಡು ದಿನ ರಸ್ತೆ ಎಷ್ಟು ಹಿತವಾಗಿತ್ತೆಂದರೆ ಮಾವಿನ ಎಲೆ ಅವರ ಕಡೆ ಬೀಳುವ ಸದ್ದೂ ಕೇಳಿಸುತ್ತಿತ್ತು. ಮೂರನೆಯ ದಿನ ಕೊರಿಯರ್ ಹುಡುಗ ಬಂದು ಅವರ ಗೇಟಿನ ಮುಂದೆ ಒಂದು ಗಳಿಗೆ ಸುಮ್ಮನೆ ನಿಂತ. ಅಲ್ಲಿ ಯಾರೋ ಇರಬೇಕಾಗಿತ್ತು, ಏನೋ ಕೇಳಿಸಬೇಕಾಗಿತ್ತು. ಆಟಗಳಲ್ಲಿ ಒಂದು ಪಾತ್ರ ಮಾಯವಾದರೆ ಅದೇ ಜಾಗದಲ್ಲಿ ಇನ್ನೊಂದು ಹುಟ್ಟುತ್ತದೆಂದು ಅಳಿಯ ಹೇಳಿದ್ದ. ಆ ಜಾಗಕ್ಕೆ ಏನೋ ಹೆಸರಿದೆ, ಮರೆತೆ. ನಾನು ಬನಿಯನ್ನಿನಲ್ಲಿ, ಕಾಫಿ ಲೋಟ ಹಿಡಿದು, ನಮ್ಮ ಗೇಟಿಗೆ ಮೊಣಕೈ ಊರಿ ನಿಂತಿದ್ದೆ. ಬಾಯಿ ತಾನಾಗಿ ತೆರೆಯಿತು.

“ನಾನೂ ಬನಶಂಕರಿ ಥರ್ಡ್ ಸ್ಟೇಜಲ್ಲಿ ಒಂದು ಸೈಟ್ ತಗೋಬೇಕಾಗಿತ್ತಪ್ಪ...”

ಹುಡುಗ ಕಿವಿಯಿಂದ ಇಯರ್‌ಫೋನ್ ತೆಗೆಯಲೂ ಇಲ್ಲ. “ಓಟಿಪಿ ಹೇಳಿ ಸಾರ್” ಅಂದ.

ಕನ್ನಡಕ ಹುಡುಕಿ, ಫೋನ್ ತೆರೆದು, ನಾಲ್ಕು ಅಂಕಿ ಓದಿದೆ. ಅವತ್ತು ನಾನು ಆಡಿದ್ದರಲ್ಲಿ ಹಿಂದೆ ಆಡಿರದ ಮಾತು ಅದೊಂದೇ. ಹುಡುಗ ಪೊಟ್ಟಣ ಕೊಟ್ಟು, ಗಾಡಿ ತಿರುಗಿಸಿಕೊಂಡು, ಮುಂದಿನ ಗೇಟಿಗೆ ಹೋದ.